ಪ್ಯಾರಿಸ್ ಒಳಗೊಂದು ಹಳ್ಳಿ

ಮೊಂಮಾರ್ತ್ರ್ 1860ರಲ್ಲಿ ಪ್ಯಾರಿಸ್‌ಗೆ ಸೇರಿತು. ಅದಕ್ಕೂ ಮೊದಲು ಗುಡ್ಡದ ಮೇಲಿನ ಬೇರೆಯದೇ ಊರು. ಅಲ್ಲಿನ ಅಬೆಸ್ ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದ್ದರೂ ಸುಮ್ನೆ ಹಟಕ್ಕೆ ಬಿದ್ದು ಸುತ್ತುಮೆಟ್ಟಿಲು ಹತ್ತಿದೆ. 36 ಮೀಟರ್ ಆಳ! ಮೇಲೆ ಬಂದಾಗ ಮಾತೇ ಹೊರಡಲಿಲ್ಲ.

ಬಿಳಿ ಗುಮ್ಮಟದ ಚರ್ಚ್ ಮುಂದೆ ಜಾತ್ರೆಯಷ್ಟು ಜನ. ಹತ್ತು ನಿಮಿಷಕ್ಕೇ ಸಾಕಾಯ್ತು. ಹಿಂದಿನ ಇಳಿಜಾರಿಗೆ ಹೊರಳಿದರೆ ಸದ್ದೇ ಇಲ್ಲ. ಅಲ್ಲೊಂದು ಪುಟ್ಟ ದ್ರಾಕ್ಷಿ ತೋಟ. ಕಟ್ಟಡ ಏಳದಿರಲಿ ಅಂತ 1933ರಲ್ಲಿ ನೆಟ್ಟಿದ್ದಂತೆ. ಮುಖ ಮಾತ್ರ ಬಿಸಿಲು ಕಡಿಮೆ ಬೀಳೋ ಉತ್ತರಕ್ಕೆ, ದ್ರಾಕ್ಷಿಗೆ ಬಿಸಿಲು ಜಾಸ್ತಿ ಬೇಕು ಅಲ್ವಾ?

ಬೇಲಿಗೆ ಮುಖವಿಟ್ಟು ನೋಡಿದೆ. ಎಲೆಯ ಅಂಚು ಕೆಂಪಾಗಿತ್ತು. ಒಂದು ಗೊಂಚಲಿನಲ್ಲಿ ಅರ್ಧ ಹಣ್ಣು ಹಕ್ಕಿ ತಿಂದಿತ್ತು. ಕಲ್ಲುಹಾಸಿನ ಮೇಲೆ ಅಜ್ಜಿಯೊಬ್ಬರು ತರಕಾರಿ ಚೀಲ ಎಳೆದುಕೊಂಡು ಬಂದರು. ‘ಬೋಂಜೂರ್’ ಅಂದರು. ಇಡೀ ದಿನದಲ್ಲಿ ನನ್ನನ್ನು ಮಾತಾಡಿಸಿದ್ದು ಅವರೊಬ್ಬರೇ.