ಎರಡು ನದಿಗಳ ನಡುವಿನ ಬಟ್ಟಲು: ಇಲಿನಾಯ್‌ನ ಕೇರೋ

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ, ಒಹಾಯೋ ನದಿ ಬಂದು ಮಿಸಿಸಿಪ್ಪಿಯನ್ನು ಕೂಡುವ ಮೂಲೆಯಲ್ಲಿ, ಕೇರೋ ಎಂಬ ಪುಟ್ಟ ಊರಿದೆ. ಬರೆಯುವಾಗ ಈಜಿಪ್ಟ್ ರಾಜಧಾನಿಯ ಅಕ್ಷರಗಳೇ. ಆದರೆ ಅಲ್ಲಿಯವರ ಎದುರು ‘ಕೈರೋ’ ಅಂದರೆ ಹೊರಗಿನವರು ಅನ್ನುವುದು ಆ ಕ್ಷಣಕ್ಕೇ ಗೊತ್ತಾಗುತ್ತದೆ. 1920ರಲ್ಲಿ ಇಲ್ಲಿ 15,203 ಜನರಿದ್ದರು. 2020ರ ಜನಗಣತಿಯಲ್ಲಿ ಉಳಿದದ್ದು 1,733.

ಈ ಎರಡು ಸಂಖ್ಯೆಗಳನ್ನು ನೋಡಿದವರು ಸಾಮಾನ್ಯವಾಗಿ ‘ಪಾಪ, ನೆರೆ ಬಂದು ಊರು ಕೊಚ್ಚಿಹೋಗಿರಬೇಕು’ ಅಂದುಕೊಳ್ಳುತ್ತಾರೆ. ಅದು ತಪ್ಪು. 1927, 1937, 2011, ಈ ಮೂರೂ ಮಹಾನೆರೆಗಳಲ್ಲಿ ಕೇರೋದ ಏರಿ ಒಡೆಯಲಿಲ್ಲ. ನದಿ ಏನು ಮಾಡಿತು, ಮನುಷ್ಯರು ಏನು ಮಾಡಿದರು ಎನ್ನುವುದನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಈ ಊರು ಅರ್ಥವಾಗುವುದಿಲ್ಲ.

ಮೊದಲು ನೀರಿನ ಲೆಕ್ಕ. ಕೇರೋದಲ್ಲಿ ಒಹಾಯೋ ನದಿಯ ಮಟ್ಟ ಅಳೆಯುವ ಗೇಜ್ ಇದೆ. ಕೆಳಗಿನ ಮಿಸಿಸಿಪ್ಪಿಯುದ್ದಕ್ಕೂ ರೈತರು, ದೋಣಿಯವರು, ಎಂಜಿನಿಯರುಗಳು ಗಮನಿಸುವ ಅಂಕಿ ಇದು. ಗೇಜಿನ ಸೊನ್ನೆ ಸಮುದ್ರಮಟ್ಟದಿಂದ ಸುಮಾರು 270.5 ಅಡಿ ಎತ್ತರದಲ್ಲಿದೆ. ಊರಿನ ನೆಲ ಸುಮಾರು 315 ಅಡಿಯಲ್ಲಿ. ಕಳೆದು ನೋಡಿ: ಗೇಜ್ 44–45 ಅಡಿ ತೋರಿಸಿದ ದಿನ ನದಿ ಬೀದಿಯ ಮಟ್ಟಕ್ಕೆ ಬಂದಿರುತ್ತದೆ. ಅಧಿಕೃತವಾಗಿ ನೆರೆ ಶುರುವಾಗುವುದು 40 ಅಡಿಗೆ. 2011ರ ಮೇ 2ರಂದು ಗೇಜ್ 61.72 ಅಡಿ ಮುಟ್ಟಿತು. ಅಂದರೆ ಗೋಡೆಯ ಆಚೆ ನೀರು ಬೀದಿಗಿಂತ ಸುಮಾರು 17 ಅಡಿ ಮೇಲಿತ್ತು. ಒಂದಂತಸ್ತಿನ ಮನೆಯ ಸೂರಿನಿಂದಲೂ ಮೇಲೆ.

ಇಷ್ಟು ನೀರು ಎಲ್ಲಿಂದ? ಹೆಸರು ಮಿಸಿಸಿಪ್ಪಿಗೆ ಹೋಗಿದ್ದರೂ ಸಂಗಮದಲ್ಲಿ ದೊಡ್ಡ ಪಾಲು ಒಹಾಯೋದ್ದು. ಸರಾಸರಿ ಲೆಕ್ಕದಲ್ಲಿ ಒಹಾಯೋ ಸುಮಾರು 2.8 ಲಕ್ಷ ಕ್ಯೂಸೆಕ್ ತಂದರೆ ಮಿಸಿಸಿಪ್ಪಿ ತರುವುದು 2.1 ಲಕ್ಷದ ಆಸುಪಾಸು. ಒಹಾಯೋ ತುಂಬುವುದು ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ. ಮೇಲಿನ ಮಿಸಿಸಿಪ್ಪಿ, ಮಿಸೌರಿ ನದಿಗಳು ತುಂಬುವುದು ಏಪ್ರಿಲ್‌ನಿಂದ ಜುಲೈವರೆಗೆ. ಒಂದು ಇಳಿಯುವ ಮೊದಲೇ ಇನ್ನೊಂದು ಏರಿದರೆ ಕಷ್ಟ. ಇಲ್ಲಿ ನದಿಗಳ ಇಳಿಜಾರು ತೀರಾ ಕಡಿಮೆ, ಹಾಗಾಗಿ ಒಂದು ನದಿ ತುಂಬಿ ನಿಂತಿದ್ದರೆ ಇನ್ನೊಂದರ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿಕೊಳ್ಳುತ್ತದೆ.

ಊರಿನ ಆಕಾರ ಬಟ್ಟಲಿನದು. ಒಹಾಯೋ ಕಡೆ ಕಾಂಕ್ರೀಟ್ ಗೋಡೆ, ಮಿಸಿಸಿಪ್ಪಿ ಕಡೆ ಮಣ್ಣಿನ ಏರಿ, ಬಡಗಣದಲ್ಲಿ ಅಡ್ಡ ಏರಿ. ಗೋಡೆಯ ತಲೆ ಗೇಜಿನ 64 ಅಡಿಗೆ ಸಮ. ಬಡಗಣದಿಂದ 51ನೇ ಹೆದ್ದಾರಿ ಒಳಗೆ ಬರುವುದು ರೈಲುಹಳಿಯ ಕೆಳಗಿನ ಒಂದೇ ಕಂಡಿಯಲ್ಲಿ. ಆ ಕಂಡಿಯ ಮೇಲೆ ಸುಮಾರು 80 ಟನ್ ತೂಕದ ಉಕ್ಕಿನ ಬಾಗಿಲು ತೂಗುತ್ತಿರುತ್ತದೆ. ಅದನ್ನು ಇಳಿಸಿದರೆ ಹೆದ್ದಾರಿ ಬಂದ್, ಬಟ್ಟಲು ಪೂರ್ತಿ.

ಆದರೆ ಬಟ್ಟಲಿಗೆ ತಳ ಗಟ್ಟಿ ಇಲ್ಲ. ನಿಜವಾದ ಕಥೆ ಇರುವುದೇ ಇಲ್ಲಿ. ಬಹಳ ಹಿಂದೆ ಮೆಕ್ಸಿಕೋ ಕೊಲ್ಲಿಯ ಒಂದು ತೋಳು ಇಲ್ಲಿಯವರೆಗೂ ಚಾಚಿತ್ತು. ಅದು ಹಿಂದೆ ಸರಿದ ಮೇಲೆ ನದಿಗಳು ಆ ತಗ್ಗನ್ನು ಮರಳು, ಗರಸಿನಿಂದ ತುಂಬಿದವು. ಅದರ ಮೇಲೆ ತೆಳ್ಳಗಿನ ಜೇಡಿಮಣ್ಣಿನ ಹೊದಿಕೆ. ಹೊದಿಕೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ. ನದಿ ಏರಿದಾಗ ಅದರ ಒತ್ತಡ ಏರಿಯ ಬುಡದಡಿಯ ಮರಳಿನ ಮೂಲಕ ಊರೊಳಗೆ ಹಾಯುತ್ತದೆ, ಹೊದಿಕೆ ತೆಳುವಾದಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಏರಿಯನ್ನು ಎಷ್ಟೇ ಎತ್ತರಿಸಿದರೂ ಇದು ನಿಲ್ಲುವುದಿಲ್ಲ. ಹೀಗೆ ನೆಲದಿಂದ ಮೇಲೆದ್ದು ನಿಲ್ಲುವ ನೀರಿಗೆ ಕೇರೋದವರು 19ನೇ ಶತಮಾನದಿಂದಲೂ ‘ಸೈಪ್ ವಾಟರ್’ ಅನ್ನುತ್ತಾರೆ, ಜಿನುಗುನೀರು.

ಜಿನುಗುವುದರಿಂದಲೇ ಅಪಾಯವಿಲ್ಲ. ಅಪಾಯ ಇರುವುದು ಮರಳು ಬುಗ್ಗೆಯಲ್ಲಿ. ಏರಿಯ ಒಳಬದಿಯ ಹುಲ್ಲಿನಲ್ಲಿ ಮೊದಲು ನೆಲ ಮೆತ್ತಗಾಗುತ್ತದೆ. ಆಮೇಲೆ ಬೊಗಸೆಯಷ್ಟು ಜಾಗದಲ್ಲಿ ನೀರು ಕುದಿಯುವ ಹಾಗೆ ಎದ್ದೆದ್ದು ಬರುತ್ತದೆ. ಆ ನೀರು ತಿಳಿಯಾಗಿದ್ದರೆ ಪಕ್ಕದಲ್ಲಿ ಗೂಟ ನೆಟ್ಟು ಗುರುತು ಮಾಡಿ, ಹಗಲೂ ರಾತ್ರಿ ಕಣ್ಣಿಟ್ಟರೆ ಸಾಕು. ನೀರಿನ ಜೊತೆ ಮರಳು ಬಂದು ಸುತ್ತ ಪುಟ್ಟ ಹುತ್ತದಂತೆ ಕೂಡತೊಡಗಿತೋ, ಅಷ್ಟು ಮರಳು ಏರಿಯ ಅಡಿಯಿಂದ ಖಾಲಿಯಾಗುತ್ತಿದೆ ಎಂದೇ ಅರ್ಥ. ಆ ಸುರಂಗ ಬುಗ್ಗೆಯಿಂದ ನದಿಯ ಕಡೆಗೆ, ಹಿಂದುಹಿಂದಕ್ಕೆ ಕೊರೆದುಕೊಂಡು ಹೋಗುತ್ತದೆ. ನದಿಯನ್ನು ಮುಟ್ಟಿದರೆ ಏರಿ ಮೇಲಿನಿಂದ ಕುಸಿಯುತ್ತದೆ, ಆಗ ಮಾಡಲು ಏನೂ ಉಳಿಯುವುದಿಲ್ಲ.

ನೋಡಿದವರಿಗೆ ಮೊದಲು ತೋಚುವುದು ಬುಗ್ಗೆಯ ಬಾಯಿಗೇ ಚೀಲ ಒಗೆದು ಮುಚ್ಚಿಬಿಡೋಣ ಎಂದು. ಅದೇ ಅತಿ ದೊಡ್ಡ ತಪ್ಪು. ಕೆಳಗಿನ ಒತ್ತಡ ಹಾಗೇ ಇರುವುದರಿಂದ ಇಲ್ಲಿ ಮುಚ್ಚಿದ ನೀರು ಹತ್ತು ಅಡಿ ಆಚೆ, ಇನ್ನೂ ಕೆಟ್ಟ ಜಾಗದಲ್ಲಿ ಬಾಯಿ ತೆರೆಯುತ್ತದೆ. ಸರಿಯಾದ ಕೆಲಸವೆಂದರೆ ಬುಗ್ಗೆಯ ಸುತ್ತ ಬಾವಿಕಟ್ಟೆಯ ಹಾಗೆ ಮರಳುಚೀಲದ ಬಳೆ ಕಟ್ಟುವುದು. ಬಳೆಯೊಳಗೆ ನೀರು ಒಂದು ಅಡಿ ಏರಿದರೆ ನದಿಗೂ ಬುಗ್ಗೆಗೂ ಇರುವ ಮಟ್ಟದ ವ್ಯತ್ಯಾಸ ಒಂದು ಅಡಿ ಕಡಿಮೆಯಾಯಿತು. ಹರಿವಿನ ರಭಸ ತಗ್ಗಿ ಮರಳನ್ನು ಎತ್ತುವ ಶಕ್ತಿ ಹೋಗುತ್ತದೆ.

ಕಟ್ಟುವಾಗ ನೆಲದ ಹುಲ್ಲು, ಕಸ ಕೆರೆದು ಮಣ್ಣನ್ನು ಒರಟು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಚೀಲದ ಅಡಿಯಲ್ಲೇ ನೀರು ಜಾರುತ್ತದೆ. ಚೀಲವನ್ನು ಅರ್ಧದಿಂದ ಮೂರರಲ್ಲಿ ಎರಡು ಪಾಲಿನವರೆಗೆ ಮಾತ್ರ ತುಂಬಬೇಕು; ಬಿಗಿಯಾಗಿ ತುಂಬಿದ ಚೀಲ ಕುಂಬಳಕಾಯಿಯಂತೆ ಗುಂಡಗಾಗಿ ಪಕ್ಕದ ಚೀಲಕ್ಕೆ ಅಂಟಿಕೊಳ್ಳುವುದಿಲ್ಲ. ಬಾಯಿ ಕಟ್ಟದೆ ಮಡಚಿ ಅಡಿಗೆ ಹಾಕಿ, ಇಟ್ಟಿಗೆ ಕೆಲಸದಂತೆ ಸಂದು ತಪ್ಪಿಸಿ ಜೋಡಿಸಿ, ಪ್ರತಿ ವರಸೆಯನ್ನೂ ಕಾಲಿನಿಂದ ತುಳಿದು ಕೂರಿಸಬೇಕು. ಬಳೆಯ ಬುಡದ ಅಗಲ ಎತ್ತರದ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು. ಹತ್ತಿರದ ಮೆತ್ತನೆಯ ನೆಲ, ಸಣ್ಣ ಬುಗ್ಗೆಗಳೂ ಬಳೆಯೊಳಗೇ ಸೇರಲಿ. ಏರಿಯಿಂದ ದೂರವಿರುವ ಕಡೆ ಒಂದು ಕೋಡಿ ಬಿಡಬೇಕು. ಇನ್ನು ಎತ್ತರ: ನೀರು ತಿಳಿಯಾಗುವವರೆಗೆ, ಅಷ್ಟೇ. ಅದಕ್ಕಿಂತ ಒಂದು ವರಸೆ ಹೆಚ್ಚು ಹಾಕುವುದೂ ಒಳ್ಳೆಯದಲ್ಲ.

ಇದು ತುರ್ತಿನ ಕೆಲಸ. ಶಾಶ್ವತ ಉಪಾಯ ಎರಡಿವೆ. ಏರಿಯ ಒಳಬದಿಯಲ್ಲಿ ಸಾಲಾಗಿ ಒತ್ತಡ ಇಳಿಸುವ ಬಾವಿ ಕೊರೆಯುವುದು ಒಂದು: ತೂತುಳ್ಳ ಕೊಳವೆ, ಅದರ ಸುತ್ತ ಜಲ್ಲಿ, ಮರಳನ್ನು ತಡೆದು ನೀರನ್ನು ಮಾತ್ರ ಬಿಡುತ್ತದೆ. ಕಬ್ಬಿಣದ ಬ್ಯಾಕ್ಟೀರಿಯಾ ಈ ತೂತುಗಳನ್ನು ಕಟ್ಟಿಬಿಡುವುದರಿಂದ ಆಗಾಗ ಪಂಪ್ ಹಾಕಿ ಪರೀಕ್ಷಿಸುತ್ತಿರಬೇಕು. ಇನ್ನೊಂದು, ಏರಿಯುದ್ದಕ್ಕೂ ಆಳದ ಕಂದಕ ತೋಡಿ ನೀರು ಹಾಯದ ಮಿಶ್ರಣ ತುಂಬಿ ನೆಲದೊಳಗೇ ಗೋಡೆ ಎಬ್ಬಿಸುವುದು. 2011ರ ನಂತರ ಕೇರೋದಲ್ಲಿ ಎರಡನ್ನೂ ಮಾಡಿದ್ದಾರೆ. ಮಳೆನೀರಿನ ಪಾಡು ಬೇರೆಯೇ: ನದಿ ಏರಿದಾಗ ಚರಂಡಿಗಳ ಹೊರಬಾಯಿ ಮುಚ್ಚಬೇಕು, ಆಗ ಬಟ್ಟಲೊಳಗೆ ಬಿದ್ದ ಪ್ರತಿ ಹನಿಯನ್ನೂ ಪಂಪ್ ಮಾಡಿಯೇ ಹೊರಗೆ ಎತ್ತಬೇಕು.

ಇಷ್ಟು ಗೊತ್ತಿದ್ದರೆ 2011ರ ಮೇ ತಿಂಗಳಲ್ಲಿ ನಡೆದದ್ದು ಅರ್ಥವಾಗುತ್ತದೆ. ಗೋಡೆಯ ತಲೆಗೆ ಇನ್ನೂ ಎರಡಡಿಗಿಂತ ಹೆಚ್ಚು ಬಾಕಿ ಇತ್ತು. ಆದರೂ ಊರು ಖಾಲಿ ಮಾಡಿಸಿದರು, ಎದುರು ದಡದ ಏರಿಯನ್ನು ಸ್ಫೋಟಿಸಿದರು. ಕಾರಣ, ಊರೊಳಗೆ ದೊಡ್ಡ ಮರಳು ಬುಗ್ಗೆಗಳು ಎದ್ದಿದ್ದವು. ನದಿ ಇನ್ನೂ ಏರುತ್ತಿತ್ತು. ಕೆಳಗಿನ ನೂರಾರು ಮೈಲಿ ಏರಿಗಳ ಮೇಲೂ ಅದೇ ಭಾರ ಬೀಳುತ್ತಿತ್ತು. ಮಿಸೌರಿ ದಡದಲ್ಲಿ ಬರ್ಡ್ಸ್ ಪಾಯಿಂಟ್‌ನಿಂದ ನ್ಯೂ ಮ್ಯಾಡ್ರಿಡ್‌ವರೆಗೆ ಸುಮಾರು 1,30,000 ಎಕರೆಯ ನೆರೆಗಾಲುವೆ ಇದೆ. 1927ರ ಅನಾಹುತದ ನಂತರ, 1928ರ ಕಾಯ್ದೆಯ ಪ್ರಕಾರ ಮಾಡಿದ್ದು. ನದಿಯಂಚಿಗೆ ಒಂದು ಏರಿ, ಒಳಗೆ ದೂರದಲ್ಲಿ ಇನ್ನೊಂದು. ನಡುವೆ ಫಲವತ್ತಾದ ಹೊಲ. ಮೊದಲ ಏರಿ ಒಡೆದರೆ 5.5 ಲಕ್ಷ ಕ್ಯೂಸೆಕ್‌ವರೆಗೆ ನೀರು ಹೊಲದ ಮೇಲೆ ಹಾಯಬೇಕು ಅನ್ನುವುದು ವಿನ್ಯಾಸ. 1937ರ ಜನವರಿಯಲ್ಲಿ ಒಮ್ಮೆ ಹೀಗೆ ಒಡೆದಿದ್ದರು; ಆಗ ಕೇರೋದ 60 ಅಡಿಯ ಗೋಡೆಯ ಮೇಲೆ ಇನ್ನೂ ಮೂರಡಿ ಮರದ ಹಲಗೆಯ ತಡೆ ಕಟ್ಟಿ, 59.5 ಅಡಿಯ ನೀರನ್ನು ಹೊರಗೇ ನಿಲ್ಲಿಸಿದ್ದರು.

2011ರಲ್ಲಿ ಮಿಸೌರಿ ರಾಜ್ಯ ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ. ಏರಿಯೊಳಗೆ ಮೊದಲೇ ಹೂತಿಟ್ಟ ಕೊಳವೆಗಳಿಗೆ ಸೇನಾ ಎಂಜಿನಿಯರುಗಳು ದ್ರವರೂಪದ ಸ್ಫೋಟಕ ತುಂಬಿದರು. ಸಿಡಿಲಿನ ಕಾಟಕ್ಕೆ ಕೆಲಸ ನಡುವೆ ನಿಂತಿತ್ತು. ಮೇ 2ರ ರಾತ್ರಿ 10ರ ಸುಮಾರಿಗೆ ಹೊತ್ತಿಸಿದರು. ಎರಡು ದಿನದಲ್ಲಿ ಕೇರೋದ ನೀರು ಒಂದೂವರೆ ಅಡಿಗೂ ಹೆಚ್ಚು ಇಳಿಯಿತು. ಕೇರೋ ಉಳಿಯಿತು. ಆದರೆ ನೆರೆಗಾಲುವೆಯೊಳಗೆ ಪಿನ್‌ಹುಕ್ ಎಂಬ ಕಪ್ಪು ಜನರ ಹಳ್ಳಿಯೂ ಇತ್ತು. ಕಪ್ಪು ಜನರಿಗೆ ಬೇರೆಲ್ಲೂ ಭೂಮಿ ಮಾರದ ಕಾಲದಲ್ಲಿ, 1940ರ ದಶಕದಲ್ಲಿ, ಗೇಣಿದಾರರು ಕಷ್ಟಪಟ್ಟು ಕೊಂಡಿದ್ದ ನೆಲ ಅದು. ಆ ಹಳ್ಳಿ ಮುಳುಗಿ ಹಾಳಾಯಿತು. ಸ್ಫೋಟದ ನಿರ್ಧಾರ ಸರಿಯಾಗಿತ್ತೆಂದೇ ನಾನು ನಂಬುತ್ತೇನೆ. ಆದರೂ ಪಿನ್‌ಹುಕ್ ಹೆಸರೆತ್ತದೆ ಆ ರಾತ್ರಿಯ ವಿಷಯ ಹೇಳುವುದು ಅನ್ಯಾಯ.

ಊರಿನ ಚರಿತ್ರೆಗೆ ಬರೋಣ. ನಕ್ಷೆಯಲ್ಲಿ ಈ ಜಾಗ ನೋಡಿದ ಯಾರಿಗಾದರೂ ಇಲ್ಲೊಂದು ಮಹಾನಗರ ಏಳಬೇಕು ಅನ್ನಿಸುತ್ತದೆ. 1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಎಂಬುವನು ಕಂಪನಿ ಕಟ್ಟಿ ಲಂಡನ್ನಿನಲ್ಲಿ ಬಾಂಡ್ ಮಾರಿದ. 1840ರಲ್ಲಿ ಅಲ್ಲಿನ ಬ್ಯಾಂಕಿಂಗ್ ಸಂಸ್ಥೆ ದಿವಾಳಿಯಾದಾಗ ಊರೂ ಬಿತ್ತು. 1850ರ ದಶಕದಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಬಂದು ಜೀವ ಕೊಟ್ಟಿತು. 1858ರಲ್ಲಿ ಏರಿ ಒಡೆದು ಊರು ಮುಳುಗಿ ಮತ್ತೆ ಎದ್ದಿತು. ಅಂತರ್ಯುದ್ಧ ಶುರುವಾದಾಗ ರೈಲು ಮುಗಿದು ದಕ್ಷಿಣದ ನದಿಗಳು ತೆರೆದುಕೊಳ್ಳುವ ಜಾಗ ಇದು. 1861ರ ಸೆಪ್ಟೆಂಬರಿನಲ್ಲಿ ಉತ್ತರದ ಸೇನೆಯ ಜನರಲ್ ಗ್ರ್ಯಾಂಟ್ ಇಲ್ಲಿಗೆ ಬಂದು ನೆಲೆಮಾಡಿದ. 1862ರ ಫೆಬ್ರವರಿಯಲ್ಲಿ ದಕ್ಷಿಣದವರ ಹೆನ್ರಿ, ಡೊನೆಲ್ಸನ್ ಕೋಟೆಗಳ ಮೇಲೆ ಹೊರಟದ್ದು ಇಲ್ಲಿಂದಲೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಾವಿರಾರು ಜನ ನದಿ ದಾಟಿ ಬಂದದ್ದೂ ಇದೇ ದಡಕ್ಕೆ.

ಆಮೇಲೆ ವ್ಯಾಪಾರ ಒಂದೊಂದೇ ಸೇತುವೆಯ ಜೊತೆ ಊರನ್ನು ದಾಟಿ ಹೋಯಿತು. ರೈಲು ಡಬ್ಬಿಗಳನ್ನು ದೋಣಿಯಲ್ಲಿ ಸಾಗಿಸುವ ಕೆಲಸ 1889ರಲ್ಲಿ ಒಹಾಯೋ ರೈಲು ಸೇತುವೆಯಾದಾಗ ನಿಂತಿತು. 1905ರಲ್ಲಿ ಮೇಲ್ಗಡೆಯ ಥೀಬ್ಸ್ ಊರಿನಲ್ಲಿ ಮಿಸಿಸಿಪ್ಪಿಗೆ ಇನ್ನೊಂದು ರೈಲು ಸೇತುವೆ ಬಂತು. 1978ರಲ್ಲಿ 57ನೇ ಅಂತರರಾಜ್ಯ ಹೆದ್ದಾರಿಯ ಸೇತುವೆ ಬಂದು ಕಾರುಗಳೂ ಊರನ್ನು ಬಿಟ್ಟು ಹೋದವು.

ಆದರೂ ಬರೀ ಸೇತುವೆಗಳು ಊರನ್ನು ಹೀಗೆ ಬರಿದು ಮಾಡಲಾರವು. 1909ರಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು ಸಾವಿರಾರು ಜನರ ಗುಂಪು ನಡುಬೀದಿಯಲ್ಲಿ ಕೊಂದಿತು. 1960ರ ದಶಕದಲ್ಲಿ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಬದಲು ಈಜುಕೊಳವನ್ನೇ ಮುಚ್ಚಿದರು. 1967ರಲ್ಲಿ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣುಬಿಗಿದ ಸ್ಥಿತಿಯಲ್ಲಿ ಸಿಕ್ಕ. ಆತ್ಮಹತ್ಯೆ ಅನ್ನುವ ಮಾತನ್ನು ಅವನ ಜನ ನಂಬಲಿಲ್ಲ. 1969ರಲ್ಲಿ ಕಪ್ಪು ಜನರ ಯುನೈಟೆಡ್ ಫ್ರಂಟ್, ತಮ್ಮವರಿಗೆ ಕೆಲಸ ಕೊಡದ ಅಂಗಡಿಗಳಿಗೆ ಬಹಿಷ್ಕಾರ ಹಾಕಿತು. ಅದು ವರ್ಷಗಟ್ಟಲೆ ನಡೆಯಿತು. ಎಷ್ಟೋ ಮಾಲೀಕರು ಒಬ್ಬ ಕಪ್ಪು ಗುಮಾಸ್ತನನ್ನು ಇಟ್ಟುಕೊಳ್ಳುವ ಬದಲು ಅಂಗಡಿಗೆ ಬೀಗ ಹಾಕಿದರು. ಕಮರ್ಷಿಯಲ್ ಅವೆನ್ಯೂವಿನಲ್ಲಿ ಇವತ್ತು ಕಾಣುವ ಖಾಲಿ ಸಾಲು ಅದರ ಫಲ. 2015ರಲ್ಲಿ ದಿನಸಿ ಅಂಗಡಿ ಮುಚ್ಚಿತು. 2017ರಲ್ಲಿ 1940ರ ದಶಕದ ಎರಡು ಸರ್ಕಾರಿ ವಸತಿಗಳನ್ನು ಕೆಡವುವ ತೀರ್ಮಾನವಾಗಿ ಸುಮಾರು 400 ಜನ ಹೊರಡಬೇಕಾಯಿತು.

ನೋಡಲು ಹೋಗುವವರು ಫೋರ್ಟ್ ಡಿಫಯನ್ಸ್ ಎಂಬ ತುದಿಗೆ ಹೋಗಬೇಕು. ಅದು ಏರಿಯ ಹೊರಗಿದೆ, ನೆರೆಯಲ್ಲಿ ಮುಳುಗುತ್ತದೆ. ಆದ್ದರಿಂದ ಹೊರಡುವ ಮೊದಲು ಗೇಜ್ ನೋಡಿಕೊಳ್ಳಿ. ಮಿಸಿಸಿಪ್ಪಿಯ ಮೇಲ್ಭಾಗದ ಮೈಲಿಗಳನ್ನು ಎಣಿಸುವುದು ಇಲ್ಲಿನ ಸೊನ್ನೆಯಿಂದ. ಪಿಟ್ಸ್‌ಬರ್ಗ್‌ನಿಂದ ಹೊರಟ ಒಹಾಯೋ 981ನೇ ಮೈಲಿಗೆ ಇಲ್ಲಿ ಮುಗಿಯುತ್ತದೆ. ಬಲಕ್ಕೆ ಮಿಸೌರಿ ನದಿಯ ಹೂಳು ಹೊತ್ತ ಮಿಸಿಸಿಪ್ಪಿಯ ಕಂದು ನೀರು, ಎಡಕ್ಕೆ ಒಹಾಯೋದ ಹಸಿರು ಮಿಶ್ರಿತ ನೀರು, ನಡುವೆ ಸುಳಿಗಳ ಒಂದು ಗೆರೆ. ತಳ್ಳುದೋಣಿಗಳು ಸಾಲು ಸಾಲು ಬಾರ್ಜ್‌ಗಳನ್ನು ಕಟ್ಟಿಕೊಂಡು ತಿರುಗುತ್ತಿರುತ್ತವೆ. ಇಲ್ಲಿಂದ ಕಡಲಿನವರೆಗೆ ಒಂದೂ ಲಾಕ್ (ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆ) ಇಲ್ಲದ್ದರಿಂದ ಹದಿನೈದರ ಗುಂಪುಗಳನ್ನು ಬಿಚ್ಚಿ, ಮೂವತ್ತು ಅಥವಾ ಅದಕ್ಕೂ ದೊಡ್ಡ ಗುಂಪು ಮಾಡಿ ಕೆಳಗೆ ಕಳಿಸುತ್ತಾರೆ. ಒಂದೊಂದು ಬಾರ್ಜ್‌ನಲ್ಲಿ ಸುಮಾರು 1,500 ಟನ್ ಸರಕು. ಹಿಂದೆ ತಿರುಗಿದರೆ ಕಾಣುವುದು ಏರಿ. ಅದರಾಚೆಯ ಊರು ಇಲ್ಲಿಂದ ಕಾಣುವುದಿಲ್ಲ.