ಹಾವಿನ ಮರಿ ಏನೂ ತಿಂತಿಲ್ಲ, ಏನ್ ಮಾಡ್ಲಿ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಂಗೆ ಬರೋ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಇದೊಂದೇ ಪ್ರಶ್ನೆ. "ಮರಿ ತಂದು ಹತ್ತು ದಿನ ಆಯ್ತು, ಇನ್ನೂ ಏನೂ ಮುಟ್ಟಿಲ್ಲ, ಇಲಿಮರಿ ಮುಂದೆ ಹಿಡಿದ್ರೆ ಮುಖ ತಿರುಗಿಸ್ಕೊಂಡು ಹೋಗುತ್ತೆ, ಸತ್ತೇ ಹೋಗ್ಬಿಡುತ್ತೇನೋ ಅಂತ ಭಯ ಆಗ್ತಿದೆ, ಬಾಯಿ ಬಿಡಿಸಿ ತುರುಕ್ಲಾ?" ಈ ಮೆಸೇಜ್ ಬರೋದೂ ಜಾಸ್ತಿ ರಾತ್ರಿ ಹೊತ್ತಲ್ಲೇ, ಯಾಕಂದ್ರೆ ಅಷ್ಟೊತ್ತಿಗೆ ಅವರು ಅವತ್ತಿನ ಎರಡನೇ ಸಲನೋ ಮೂರನೇ ಸಲನೋ ಟ್ರೈ ಮಾಡಿ ಸಾಕಾಗಿ ಕೂತಿರ್ತಾರೆ. ಆ ಸಂಕಟ ನಂಗೆ ಚೆನ್ನಾಗಿ ಗೊತ್ತು, ನಾನೂ ಹಾಗೇ ಕೂತಿದ್ದೋನು.

ತುರುಕ್ಬೇಡಿ. ಇವತ್ತು ಇನ್ನೇನೂ ಕೊಡೋಕೂ ಹೋಗ್ಬೇಡಿ. ಡಬ್ಬಿ ಮುಚ್ಚಿ, ಲೈಟ್ ಆರಿಸಿ, ಮಲಗಿ. ಇದು ಇವತ್ತಿನ ರಾತ್ರಿಗೆ ಉತ್ತರ. ಉಳಿದಿದ್ದು ಬೆಳಿಗ್ಗೆ ಎದ್ದು ಓದಿದ್ರೂ ಆಗುತ್ತೆ.

ಹಾವಿನ ಮರಿ ಅಂದ್ರೆ ಬೆಕ್ಕಿನ ಮರಿ ನಾಯಿಮರಿ ಥರ ಅಲ್ಲ, ಒಂದು ಹೊತ್ತು ತಪ್ಪಿದ್ರೆ ಸುಸ್ತಾಗಿ ಬೀಳಲ್ಲ. ಮೊಟ್ಟೆಯಿಂದ ಹೊರಗೆ ಬರೋ ಹೊತ್ತಿಗೆ ಮೊಟ್ಟೆಯೊಳಗಿನ ಹಳದಿ ಭಾಗ ಎಲ್ಲಾ ಅದರ ಹೊಟ್ಟೆಯೊಳಗೆ ಹೋಗಿರುತ್ತೆ, ಅದೇ ಅದರ ಬುತ್ತಿ. ಹುಟ್ಟಿ ಒಂದು ವಾರ ಎರಡು ವಾರದಲ್ಲಿ ಮೊದಲನೇ ಪೊರೆ ಬಿಡುತ್ತೆ, ಸಾಮಾನ್ಯವಾಗಿ ಅಲ್ಲಿ ತನಕ ಊಟದ ಯೋಚನೆನೇ ಮಾಡಲ್ಲ. ಹಾಗಾಗಿ ನಾನು ಮೊದ್ಲು ಕೇಳೋದು ಇಷ್ಟೇ: ಮರಿ ಹುಟ್ಟಿದ್ದು ಯಾವಾಗ, ಮೊದಲ ಪೊರೆ ಬಿಟ್ಟಿದೆಯಾ, ಕೊಟ್ಟೋರ ಹತ್ರ ಇದ್ದಾಗ ಎಷ್ಟು ಸಲ ತಿಂದಿತ್ತು, ಏನು ತಿಂದಿತ್ತು, ಜೀವಂತ ಇದ್ದಿದ್ದಾ ಫ್ರೀಜ್ ಮಾಡಿದ್ದಾ. ಹತ್ತರಲ್ಲಿ ಎಂಟು ಜನಕ್ಕೆ ಇದ್ಯಾವುದೂ ಗೊತ್ತಿರಲ್ಲ. ಇನ್ನೂ ಮರಿ ತಂದಿಲ್ಲ ಅನ್ನೋರು ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ, ಕಡಿಮೆ ಅಂದ್ರೂ ಮೂರ್ನಾಲ್ಕು ಸಲ ತಾನಾಗೇ ತಿಂದಿರೋ ಮರಿನೇ ತಗೊಳ್ಳಿ. ಇನ್ನೊಂದು ಮಾತು, ನಾನು ಹೇಳ್ತಿರೋದೆಲ್ಲ ಸಾಕೋಕೆ ಅಂತಲೇ ಹುಟ್ಟಿದ ಮರಿಗಳ ವಿಷಯ, ಕಾರ್ನ್ ಸ್ನೇಕ್, ಬಾಲ್ ಪೈಥಾನ್, ಹಾಗ್‌ನೋಸ್ ಥರದ್ದು. ತೋಟದಲ್ಲೋ ಹೊಲದಲ್ಲೋ ಸಿಕ್ಕ ಮರಿ ಆದ್ರೆ ಅದು ಇರಬೇಕಾದ ಜಾಗ ಅದೇ, ಅಲ್ಲೇ ಬಿಟ್ಬಿಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಲ್ಲರೂ "ನಮ್ಮ ಮರಿ ಹಠ ಮಾಡ್ತಿದೆ" ಅಂತಾರೆ. ಅದು ಹಠ ಅಲ್ಲ, ಹೆದರಿಕೆ. ಮೊಟ್ಟೆಯಿಂದ ಬಂದ ಕಾರ್ನ್ ಸ್ನೇಕ್ ಮರಿ ಆರೇಳು ಗ್ರಾಂ ಇರುತ್ತೆ, ಪೆನ್ಸಿಲ್‌ಗಿಂತ ಸಣ್ಣ. ಹಕ್ಕಿಗೂ ಅದು ಊಟ, ದೊಡ್ಡ ಹಾವಿಗೂ ಊಟ. ಅದಕ್ಕೆ ಇಡೀ ಪ್ರಪಂಚನೇ ಶತ್ರು. ಸಾಲದ್ದಕ್ಕೆ, ಮರಿ ಏನಾದ್ರೂ ನುಂಗೋಕೆ ಶುರು ಮಾಡಿದ್ರೆ ಅದರ ಬಾಯಿ ತುಂಬಿರುತ್ತೆ, ಆ ಹೊತ್ತಲ್ಲಿ ಕಚ್ಚೋಕೂ ಆಗಲ್ಲ ಓಡೋಕೂ ಆಗಲ್ಲ. ತನ್ನನ್ನ ಯಾರೂ ನೋಡ್ತಿಲ್ಲ ಅಂತ ಅದಕ್ಕೆ ಅನ್ನಿಸೋ ತನಕ ಬಾಯಿ ತೆರೆಯಲ್ಲ. ನಾವು ನೋಡಿದ್ರೆ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಚಿಮಟದಲ್ಲಿ ಇಲಿಮರಿ ಹಿಡ್ಕೊಂಡು ಮೂಗಿಗೆ ತಾಗಿಸ್ತಾ "ತಿನ್ನು ಪುಟ್ಟ ತಿನ್ನು" ಅಂತಿರ್ತೀವಿ.

ನನ್ನ ಮೊದಲನೇ ಕಾರ್ನ್ ಮರಿಗೆ ನಾನು ಮಾಡಿದ್ದು ಇದನ್ನೇ. ಪ್ರೀತಿಯಿಂದ ದೊಡ್ಡ ಗಾಜಿನ ಟ್ಯಾಂಕ್ ತಂದೆ, ನಾಲ್ಕು ಕಡೆಯಿಂದಲೂ ಕಾಣ್ಬೇಕು ಅಂತ ಹಾಲ್‌ನಲ್ಲೇ ಇಟ್ಟೆ, ದಿನಾ ಕೈಗೆ ತಗೊಂಡೆ, ದಿನಾ ರಾತ್ರಿ ಊಟ ಕೊಟ್ಟೆ. ಹದಿನೈದು ದಿನ ಒಂದು ಚೂರೂ ತಿನ್ನಲಿಲ್ಲ. ಕೊನೆಗೆ ಹಾವು ಸಾಕಿ ಅನುಭವ ಇರೋ ಅಕ್ಕ ಒಬ್ರು ಫೋನಲ್ಲೇ ಬೈದು, ಟ್ಯಾಂಕಿಂದ ತೆಗೆದು ಊಟದ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಟಬ್‌ಗೆ ಹಾಕಿಸಿದ್ರು. ಪಕ್ಕದಲ್ಲಿ ಗಾಳಿಗೆ ತೂತು, ಒಳಗೆ ಮುದುರಿ ಹಾಕಿದ ಟಿಶ್ಯೂ ಪೇಪರ್, ಸಣ್ಣದೊಂದು ನೀರಿನ ಬಟ್ಟಲು, ಮೈ ಎಲ್ಲಾ ಕಡೆ ತಾಗೋ ಥರ ಬಿಗಿಯಾಗಿ ಕೂರೋ ಎರಡು ಗೂಡು, ಒಂದು ಬಿಸಿ ಕಡೆಗೆ ಒಂದು ತಂಪು ಕಡೆಗೆ. ಆರು ದಿನ ಮುಟ್ಟಬಾರದು, ನೀರು ಬದಲಾಯಿಸೋಕೆ ಮಾತ್ರ ತೆಗೀಬೇಕು. ಆರನೇ ದಿನ ಸಂಜೆ ಕತ್ತಲಾದ ಮೇಲೆ ಮುಚ್ಚಳ ಇರೋ ಸಣ್ಣ ಕಪ್‌ಗೆ ತೂತು ಮಾಡಿ, ಮರಿನೂ ಬೆಚ್ಚಗೆ ಮಾಡಿದ ಪಿಂಕಿನೂ ಒಟ್ಟಿಗೆ ಹಾಕಿ, ಆ ಕಪ್ಪನ್ನ ಟಬ್ ಒಳಗೇ ಇಟ್ಟು ಮೇಲೊಂದು ಬಟ್ಟೆ ಮುಚ್ಚಿ ಮಲಗಿದೆ. (ಪಿಂಕಿ ಅಂದ್ರೆ ಇನ್ನೂ ಕೂದಲು ಬಂದಿರದ ಗುಲಾಬಿ ಬಣ್ಣದ ಇಲಿಮರಿ, ಕೂದಲು ಚಿಗುರಿದ್ರೆ ಫಝಿ, ಕಣ್ಣು ಬಿಟ್ಟು ಜಿಗಿಯೋದು ಹಾಪರ್.) ನಿದ್ದೆ ಬಂದಿದ್ದು ಅಷ್ಟಕ್ಕಷ್ಟೇ. ಬೆಳಿಗ್ಗೆ ಬಟ್ಟೆ ಸರಿಸಿ ನೋಡಿದ್ರೆ ಕಪ್ ಒಳಗೆ ಪಿಂಕಿ ಇಲ್ಲ, ಮರಿ ಸುರುಳಿ ಸುತ್ಕೊಂಡು ಕೂತಿದೆ, ಮೈ ಮಧ್ಯೆ ಕಡಲೆಬೀಜದಷ್ಟು ಉಬ್ಬು, ಆ ಉಬ್ಬಿನ ಮೇಲೆ ಚಿಪ್ಪುಗಳು ಬಿಟ್ಕೊಂಡು ಮಧ್ಯದ ಬಿಳಿ ಚರ್ಮ ಕಾಣ್ತಾ ಇದೆ. ನಾನು ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ.

ಅದಕ್ಕೇ ಯಾರೇ ಕೇಳಿದ್ರೂ ಮೊದ್ಲು ಸಣ್ಣ ಜಾಗ, ಬಿಗಿ ಗೂಡು, ಐದರಿಂದ ಏಳು ದಿನ ಪೂರ್ತಿ ಮೌನ, ಇದಾದ ಮೇಲೇ ಬೇರೆ ಮಾತು ಅಂತೀನಿ. ಅರ್ಧ ಕೇಸ್ ಇಲ್ಲೇ ಮುಗಿಯುತ್ತೆ.

ಮುಗೀಲಿಲ್ಲ ಅಂದ್ರೆ ಬಿಸಿ ನೋಡಿ. ಹಾವಿಗೆ ಸ್ವಂತ ಮೈಬಿಸಿ ಇಲ್ಲ, ಹೊರಗಿನ ಶಾಖ ಇದ್ರೇನೇ ತಿಂದಿದ್ದು ಅರಗೋದು. ಕಾರ್ನ್ ಸ್ನೇಕ್‌ಗೆ ಬಿಸಿ ಕಡೆ 28ರಿಂದ 30 ಡಿಗ್ರಿ ಸೆಲ್ಸಿಯಸ್, ಬಾಲ್ ಪೈಥಾನ್‌ಗೆ 31-32 ಬೇಕು, ತಂಪು ಕಡೆ ಕಾರ್ನ್‌ಗೆ 23-24, ಬಾಲ್‌ಗೆ 26ರ ಹತ್ರ. ಜನ ತಪ್ಪೋದು ಎಲ್ಲಿ ಅಂದ್ರೆ ಗೋಡೆಗೆ ಅಂಟಿಸೋ ಮುಳ್ಳಿನ ಮೀಟರ್ ನಂಬ್ಕೊಂಡಿರ್ತಾರೆ, ಅದು ಮೇಲಿನ ಗಾಳಿದು ತೋರಿಸುತ್ತೆ, ಮರಿ ಇರೋದು ನೆಲದಲ್ಲಿ. ವಯರ್ ಇರೋ ಡಿಜಿಟಲ್ ಮೀಟರ್ ತಗೊಂಡು ಅದರ ತುದಿನ ಬಿಸಿ ಗೂಡಿನ ಒಳಗೆ ನೆಲಕ್ಕೇ ಇಟ್ಟು ನೋಡಿ. ಹೀಟ್ ಮ್ಯಾಟ್‌ಗೆ (ಟಬ್ ಅಡಿಗೆ ಇಡೋ ಕರೆಂಟಿನ ಬಿಸಿ ಹಾಳೆ) ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದ ಹಾಗೆ ನೋಡ್ಕೊಳ್ಳೋ ಸಾಧನ) ಇಲ್ಲದೆ ಕರೆಂಟ್ ಕೊಡ್ಲೇಬೇಡಿ, ಹಾವುಗಳ ಹೊಟ್ಟೆ ಚರ್ಮ ಸುಟ್ಟಿರೋದನ್ನ ನೋಡಿದೀನಿ, ಅದನ್ನ ಮರೆಯೋಕೆ ಆಗಲ್ಲ. ಬಾಲ್ ಪೈಥಾನ್ ಮರಿ ಆದ್ರೆ ಗಾಳಿಯಲ್ಲಿ ತೇವನೂ ನೋಡ್ಕೊಳ್ಳಿ, 60 ಪರ್ಸೆಂಟ್ ಆಸುಪಾಸು ಇರ್ಲಿ.

ಕಣ್ಣು ಹಾಲು ಬೆರೆಸಿದ ಹಾಗೆ ಮಬ್ಬಾಗಿದ್ರೆ ಪೊರೆ ಬರ್ತಿದೆ ಅಂತ ಅರ್ಥ, ಆಗ ಕಣ್ಣೂ ಸರಿ ಕಾಣಲ್ಲ, ತುಂಬಾ ಹಾವುಗಳು ಆ ಸಮಯದಲ್ಲಿ ತಿನ್ನಲ್ಲ. ಪೊರೆ ಕಳಚೋ ತನಕ ಕಾಯಿರಿ.

ಊಟ ಬಿಸಿ ಮಾಡೋ ವಿಧಾನದಲ್ಲೂ ಬಹಳ ಜನ ಸೋಲ್ತಾರೆ. ಫ್ರೀಜರಿಂದ ತೆಗೆದ ಪಿಂಕಿನ ಜಿಪ್ ಕವರ್‌ಗೆ ಹಾಕಿ ಫ್ರಿಡ್ಜ್ ಒಳಗೆ ಕೆಳಗಿನ ಭಾಗದಲ್ಲಿ ಇಟ್ಟು ಪೂರ್ತಿ ಕರಗೋಕೆ ಬಿಡಿ, ಕೊಡೋ ಮುಂಚೆ ಕವರ್ ಸಮೇತ ಬಿಸಿನೀರಲ್ಲಿ ಹತ್ತು ಹದಿನೈದು ನಿಮಿಷ ಇಡಿ, ನೀರು ಕೈಗೆ ಬಿಸಿ ಅನ್ನಿಸ್ಬೇಕು ಸುಡಬಾರದು, ಸುಮಾರು 40 ಡಿಗ್ರಿ. ಬೆರಳಲ್ಲಿ ಹೊಟ್ಟೆ ಒತ್ತಿ ನೋಡಿ, ಒಳಗೆ ಐಸಿನ ಗಂಟು ಇರಬಾರದು. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಒಡೆಯುತ್ತೆ. ಬಾಲ್ ಪೈಥಾನ್‌ಗಂತೂ ಬಿಸಿನೇ ಎಲ್ಲಾ, ಅದರ ಮೇಲ್ತುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ, ಅದರಲ್ಲಿ ಶಾಖನ ಗುರುತಿಸುತ್ತೆ, ತಣ್ಣಗಿರೋ ಇಲಿ ಅದಕ್ಕೆ ಕಲ್ಲಿದ್ದ ಹಾಗೆ. ಉದ್ದ ಚಿಮಟದಲ್ಲಿ ಬೆನ್ನ ಹತ್ರ ಹಿಡ್ಕೊಂಡು, ತಲೆ ಭಾಗ ಹಾವಿನ ಕಡೆ ಮಾಡಿ, ಗೂಡಿನ ಬಾಯಿಂದ ಒಂದು ಗೇಣು ದೂರದಲ್ಲಿ ಇಲಿ ನಡೆದು ಹೋಗ್ತಿರೋ ಥರ ಮೆಲ್ಲಗೆ ಅಲ್ಲಾಡಿಸಿ. ಮುಖಕ್ಕೇ ಹಿಡಿದ್ರೆ ಹೆದರಿ ಉಂಡೆ ಆಗುತ್ತೆ, ಬಾಲ್ ಅನ್ನೋ ಹೆಸರು ಬಂದಿದ್ದೇ ಅದರಿಂದ.

ಕಾರ್ನ್ ಮರಿದು ಬೇರೆ ಕಥೆ, ಅದಕ್ಕೆ ವಾಸನೆ. ಹಾವು ನಾಲಿಗೆ ಹೊರಗೆ ಹಾಕಿ ಗಾಳಿಯಲ್ಲಿರೋ ವಾಸನೆ ಕಣ ತಗೊಂಡು ಬಾಯಿ ಮೇಲ್ಭಾಗದ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತೆ, ಅಲ್ಲಿ ತೀರ್ಮಾನ ಆಗುತ್ತೆ ಇದು ಊಟನಾ ಅಲ್ವಾ ಅಂತ. ಕಾಡಲ್ಲಿ ಇಷ್ಟು ಸಣ್ಣ ಕಾರ್ನ್ ಮರಿಗಳು ಜಾಸ್ತಿ ತಿನ್ನೋದು ಸಣ್ಣ ಹಲ್ಲಿ, ಮರಗಪ್ಪೆ ಥರದ್ದು. ನಾವು ಕೊಡ್ತಿರೋ ಇಲಿಮರಿ ಅದಕ್ಕೆ ಊಟದ ವಾಸನೆನೇ ಬರ್ತಿಲ್ಲ, ಪಾಪ ಅದೇನು ಮಾಡುತ್ತೆ! ಪಿಂಕಿನ ಸುವಾಸನೆ ಇಲ್ಲದ ಸೋಪಲ್ಲಿ ತೊಳೆದು, ಸೋಪು ಚೂರೂ ಉಳಿಯದ ಹಾಗೆ ನೀರಲ್ಲಿ ಜಾಲಿಸಿ ಕೊಟ್ರೇ ಕೆಲವು ತಿಂತಾವೆ, ಇಲಿ ವಾಸನೆ ಹೋದ್ರೆ ಸಾಕು ಅವಕ್ಕೆ. ಆಗ್ಲಿಲ್ಲ ಅಂದ್ರೆ ಸಾಕಿರೋ ಹಲ್ಲಿ ಬಿಟ್ಟ ಪೊರೆ ಒಂದು ಚೂರು ಸಿಕ್ರೆ ಅದನ್ನ ಒದ್ದೆ ಮಾಡಿ ಪಿಂಕಿ ಮೂಗಿಗೆ ಅಂಟಿಸಿ. ಗೋಡೆ ಮೇಲಿನ ಹಲ್ಲಿ ಹಿಡಿದು ಕೊಡೋಕೆ ಹೋಗ್ಬೇಡಿ, ಅದರ ಹೊಟ್ಟೆ ಹುಳ ಎಲ್ಲಾ ಮರಿಗೆ ಬರುತ್ತೆ. ಹಾಗ್‌ನೋಸ್ ಕಾಡಲ್ಲಿ ನೆಲಗಪ್ಪೆ ಪ್ರಿಯ, ಅದರ ಮರಿಗೆ ನೀರಲ್ಲಿ ಪ್ಯಾಕ್ ಮಾಡಿದ ಟ್ಯೂನಾ ಮೀನಿನ ರಸ ಸವರಿದ ಪಿಂಕಿ ಕೆಲಸ ಮಾಡಿದ್ದು ತುಂಬಾ ಸಲ ನೋಡಿದೀನಿ, ಉಪ್ಪಿಲ್ಲದ್ದು ತಗೊಳ್ಳಿ.

ಇನ್ನೊಂದು ಉಪಾಯ ಇದೆ, ಹೇಳೋಕೆ ನಂಗೂ ಕಷ್ಟ. ಸತ್ತ ಪಿಂಕಿ ತಲೆಗೆ ಸೂಜಿಯಲ್ಲಿ ಚುಚ್ಚಿ ಒಳಗಿನ ದ್ರವ ಸ್ವಲ್ಪ ಹೊರಗೆ ಬರೋ ಹಾಗೆ ಮಾಡೋದು. ಮೊದಲ ಸಲ ನಂಗೆ ಕೈ ನಡುಗಿತ್ತು. ಆದ್ರೆ ಎಷ್ಟೋ ಮರಿಗಳು ಆ ವಾಸನೆಗೇ ತಿರುಗಿ ನೋಡಿದಾವೆ, ಬಾಯಿಗೆ ತುರುಕೋದಕ್ಕಿಂತ ಇದು ಎಷ್ಟೋ ಮೇಲು.

ಜೀವಂತ ಕೊಡಬಹುದಾ ಅಂತ ಕೇಳ್ತಾರೆ. ಕೆಲವು ಬಾಲ್ ಮರಿಗಳು ಮೊದಮೊದಲು ಅಲ್ಲಾಡೋದನ್ನ ಬಿಟ್ಟು ಬೇರೆ ಮುಟ್ಟಲ್ಲ, ಅದು ನಿಜ. ನನ್ನ ಮಟ್ಟಿಗೆ ಅದು ಉಳಿದಿದ್ದೆಲ್ಲ ಸೋತ ಮೇಲೆ, ಅದೂ ಎದುರಲ್ಲೇ ಕೂತು ನೋಡ್ಕೊಂಡು. ಹಲ್ಲು ಬಂದಿರೋ ಇಲಿನ ರಾತ್ರಿಯೆಲ್ಲಾ ಒಳಗೆ ಬಿಟ್ರೆ ಹಾವನ್ನೇ ಕಚ್ಚಿ ತಿನ್ನುತ್ತೆ. ಹಾಲು ಕೊಡ್ಲಾ ಅಂತನೂ ಕೇಳಿದಾರೆ. ಬೇಡ, ಹಾಲು ಹಾವಿನ ಆಹಾರ ಅಲ್ಲ, ಅದಕ್ಕೆ ಅರಗಲ್ಲ, ನೀರು ಸಾಕು.

ಇದೆಲ್ಲಾ ಓದಿ ಒಂದೇ ರಾತ್ರಿ ಎಲ್ಲಾ ಟ್ರೈ ಮಾಡಿ, ನಾಳೆ "ಯಾವುದೂ ಆಗ್ಲಿಲ್ಲ" ಅಂತ ಮೆಸೇಜ್ ಹಾಕ್ಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಪ್ರಯತ್ನದ ಮಧ್ಯೆ ಐದಾರು ದಿನ ಬಿಡಿ, ಇಟ್ಟಿದ್ದು ಬೆಳಿಗ್ಗೆಗೆ ಹಾಗೇ ಇದ್ರೆ ಎತ್ತಿ ಬಿಸಾಕಿ, ಮತ್ತೆ ಫ್ರೀಜ್ ಮಾಡ್ಬೇಡಿ. ಪುಸ್ತಕದಲ್ಲಿ ತಾರೀಖು, ಏನು ಕೊಟ್ರಿ, ಏನಾಯ್ತು, ತೂಕ, ಇಷ್ಟು ಬರೆದಿಡಿ. ತೂಕ ತುಂಬಾ ಮುಖ್ಯ. 0.1 ಗ್ರಾಂ ತೋರಿಸೋ ಸಣ್ಣ ತಕ್ಕಡಿ ತಗೊಂಡು, ವಾರಕ್ಕೊಂದು ಸಲ, ಡಬ್ಬಿ ಸಮೇತ ತೂಗಿ ಡಬ್ಬಿ ತೂಕ ಕಳೀರಿ. ತೂಕ ನಿಂತ ಕಡೆ ನಿಂತಿದ್ರೆ ನಿಮ್ಮ ಹತ್ರ ಟೈಮ್ ಇದೆ. 7 ಗ್ರಾಂ ಇದ್ದಿದ್ದು 6.3ಕ್ಕೆ ಬಂತು ಅಂದ್ರೆ ಹತ್ತರಲ್ಲಿ ಒಂದು ಪಾಲು ಹೋಯ್ತು, ಇನ್ನು ಮನೆ ಮದ್ದು ಸಾಕು, ಹಾವುಗಳ ಬಗ್ಗೆ ಗೊತ್ತಿರೋ ವೆಟ್ ಹತ್ರ ಹೋಗಿ. ಬೆನ್ನುಮೂಳೆ ಎದ್ದು ಕಾಣೋದು, ಬಾಯಿ ತೆರೆದು ಉಸಿರಾಡೋದು, ಮೂಗಲ್ಲಿ ಬಾಯಲ್ಲಿ ಗುಳ್ಳೆ, ತಿಂದಿದ್ದನ್ನ ಮತ್ತೆ ಮತ್ತೆ ಕಕ್ಕೋದು, ಇದರಲ್ಲಿ ಯಾವುದು ಕಂಡ್ರೂ ತೂಕಕ್ಕೂ ಕಾಯ್ಬೇಡಿ.

ಬಾಯಿಗೆ ಇಟ್ಟು ತಿನ್ನಿಸೋದು ಅಂತ ಒಂದಿದೆ, ಪಿಂಕಿ ಮೂಗನ್ನ ಮೆಲ್ಲಗೆ ಬಾಯೊಳಗೆ ಇಟ್ಟು, ಅದು ಹಲ್ಲುಗಳಿಗೆ ಸಿಕ್ಕ ತಕ್ಷಣ ಮರಿನ ಕೆಳಗೆ ಬಿಟ್ಟು, ಉಸಿರು ಬಿಗಿ ಹಿಡಿದು ಅಲ್ಲಾಡದೆ ಕೂರೋದು, ಮುಂದಿನದು ಅದು ತಾನೇ ನುಂಗ್ಬೇಕು. ಪೂರ್ತಿ ಗಂಟಲಿಗೆ ತಳ್ಳೋದು ಬೇರೆ, ಅದು ಡಾಕ್ಟರ್ ಕೆಲಸ. ಎರಡನ್ನೂ ವೀಡಿಯೋ ನೋಡಿ ಕಲೀಬೇಡಿ. ಆರು ಗ್ರಾಂ ಜೀವದ ದವಡೆ ಎಷ್ಟು ಗಟ್ಟಿ ಇರುತ್ತೆ ಹೇಳಿ. ಗೊತ್ತಿರೋರು ಪಕ್ಕದಲ್ಲಿ ಕೂತು ಒಂದು ಸಲ ತೋರಿಸ್ಲಿ.

ಮತ್ತೆ ಮೊದಲ ಊಟ ಆದ ದಿನ, ಅವತ್ತೇ ಎಲ್ಲರೂ ತಪ್ಪು ಮಾಡೋದು. ಖುಷಿಗೆ ಎತ್ತಿ ಫೋಟೋ ತೆಗೀತಾರೆ, ಮರಿ ಹೆದರಿ ಎಲ್ಲಾ ಕಕ್ಕುತ್ತೆ, ಆಮೇಲೆ ಹತ್ತು ಹದಿನಾಲ್ಕು ದಿನ ಹೊಟ್ಟೆ ಸುಧಾರಿಸೋಕೆ ಬಿಡ್ಬೇಕು. ಹಾಗಾಗಿ ತಿಂದ ಮೇಲೆ ಎರಡು ದಿನ ಮುಟ್ಟಬೇಡಿ. ಆರನೇ ದಿನ ಅದೇ ಕಪ್, ಅದೇ ಅಳತೆ ಪಿಂಕಿ, ಅದೇ ವಾಸನೆ, ಅದೇ ಹೊತ್ತು. ಮೂರು ಸಲ ಹಾಗೇ ತಿಂದ ಮೇಲೆ ಸವರೋ ವಾಸನೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬನ್ನಿ, ಆಮೇಲೆ ಕಪ್ ಬಿಟ್ಬಿಡಿ. ನನ್ನ ಆ ಮರಿ ಐದನೇ ಊಟಕ್ಕೆ ಚಿಮಟ ಒಳಗೆ ಬರೋದನ್ನ ನೋಡಿ ಟಿಶ್ಯೂ ಒಳಗಿಂದ ತಲೆ ಹೊರಗೆ ಹಾಕಿತ್ತು.