ಪಂದಿ ಕರಿ, ಶಿರಾಜ್, ಮತ್ತೆ ಒಂದು ಹಿಡಿ ಕಾಳುಮೆಣಸು

ಮಾರ್ಚ್ 10, 2024, ಭಾನುವಾರ
ಬೆಂಗಳೂರು

ಕೊಡಗಿನ ಹಂದಿ ಮಾಂಸದ ಅಡುಗೆ ಪಂದಿ ಕರಿಯ ಪಕ್ಕದಲ್ಲಿ ಇಡಬೇಕಾದದ್ದು ಶಿರಾಜ್ ಅನ್ನುವ ರೆಡ್ ವೈನ್. ಇವತ್ತಿನ ಊಟ ಆದಮೇಲೆ ಈ ಮಾತನ್ನು ಧೈರ್ಯವಾಗಿ ಬರೆದಿಡುತ್ತಿದ್ದೇನೆ.

ಅಡುಗೆ ಕೊಡಗಿನ ಗೆಳತಿಯದು. ಊರಿಂದ ಬರುವಾಗಲೇ ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿರಸದ ಪುಟ್ಟ ಬಾಟಲಿ, ಅವರ ತೋಟದ ಕಾಳುಮೆಣಸು ತಂದಿದ್ದಳು. ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಸಾಸಿವೆ, ಚೂರು ಮೆಂತ್ಯ. ಎಲ್ಲವನ್ನೂ ಸಣ್ಣ ಉರಿಯಲ್ಲಿ ಹುರಿಯುತ್ತಾ ನಿಂತಳು. ನನಗೆ ಸೀದು ಹೋಗುತ್ತದೆ ಅನ್ನಿಸಿತು. "ಇನ್ನೂ ಸ್ವಲ್ಪ ಕಣೇ, ಈಗಲೇ ಇಳಿಸಿದ್ರೆ ಬಣ್ಣ ಬರಲ್ಲ" ಅಂದಳು. ಮಾಂಸ ಬೆಂದು, ಕೊಬ್ಬು ಕರಗಿ, ಮಸಾಲೆ ಬಿದ್ದು, ಕೊನೆಗೆ ಕಾಚಂಪುಳಿ ಸೇರಿದಾಗ ಕರಿ ನಿಜಕ್ಕೂ ಕಪ್ಪಾಗಿತ್ತು. ಜೊತೆಗೆ ಬಿಸಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ.

ನಾನು ತೆರೆದದ್ದು ನಂದಿ ಬೆಟ್ಟದ ಕಡೆಯ ಶಿರಾಜ್. ಗ್ಲಾಸಿಗೆ ಮೂಗಿಟ್ಟರೆ ಮೊದಲು ನೇರಳೆ ಹಣ್ಣು. ಒಂದೆರಡು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಅದರ ಹಿಂದೆ ಆಗತಾನೆ ಕುಟ್ಟಿದ ಕಾಳುಮೆಣಸು. ಇದು ಬರೀ ಕಲ್ಪನೆ ಅಲ್ಲ. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲಿ ರೋಟಂಡೋನ್ ಅನ್ನುವ ಒಂದು ವಸ್ತು ಇರುತ್ತದೆ. ಕಾಳುಮೆಣಸಿಗೆ ಆ ಘಮ ಕೊಡುವುದೂ ಇದೇ. ಆಸ್ಟ್ರೇಲಿಯಾದ ಸಂಶೋಧಕರು ಈ ನಂಟನ್ನು 2008ರಲ್ಲಿ ಬರೆದು ಪ್ರಕಟಿಸಿದರು. ಮೆಣಸಿನಲ್ಲಿ ಇದು ರಾಶಿ ರಾಶಿ ಇದೆ, ವೈನ್‌ನಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಆದರೂ ಮೂಗು ಹಿಡಿಯುತ್ತದೆ. ಎಲ್ಲರ ಮೂಗೂ ಅಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲವಂತೆ. ನಮ್ಮ ಭಾವ ಎಷ್ಟು ಮೂಸಿದರೂ "ನಂಗೆ ನೇರಳೆ ಹಣ್ಣು ಬಿಟ್ಟರೆ ಏನೂ ಬರ್ತಿಲ್ಲಮ್ಮ" ಅಂದರು. ಬಹುಶಃ ಅವರು ಆ ಗುಂಪಿನವರೇ ಇರಬೇಕು.

ಒಂದು ತುಂಡು ಮಾಂಸ ತಿಂದು ಒಂದು ಗುಟುಕು ಕುಡಿದಾಗ ಆದದ್ದು ನನಗೆ ಇನ್ನೂ ನಾಲಿಗೆ ಮೇಲಿದೆ. ಕೊಬ್ಬು ಮತ್ತು ಮಾಂಸದ ಪ್ರೋಟೀನ್ ವೈನ್‌ನ ಒಗರನ್ನು ತಗ್ಗಿಸಿದವು. ಕರಿಯ ಮೆಣಸು ಶಿರಾಜ್‌ನಲ್ಲಿ ಅಡಗಿದ್ದ ಮೆಣಸನ್ನು ಮುಂದಕ್ಕೆ ತಂದಿತು. ಕಾಚಂಪುಳಿಯ ಹುಳಿಯನ್ನು ವೈನ್‌ನ ಹುಳಿ ತಡೆದುಕೊಂಡಿತು. ಈ ಕೊನೆಯದು ಮುಖ್ಯ. ಹುಳಿ ಅಡುಗೆಯ ಜೊತೆ ಹುಳಿ ಕಡಿಮೆ ಇರುವ ವೈನ್ ಇಟ್ಟರೆ ವೈನ್ ಸಪ್ಪೆ ಹೊಡೆಯುತ್ತದೆ. ನಂದಿಯ ಸುತ್ತಮುತ್ತ ರಾತ್ರಿ ತಂಪು. ಹಗಲಿನ ಬಿಸಿಲಿಗೆ ಸಿಹಿಯಾಗುವ ದ್ರಾಕ್ಷಿ ಆ ತಂಪಿನಿಂದಾಗಿ ತನ್ನ ಹುಳಿಯನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ.

ಆ ತೋಟಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುವ ಬಳ್ಳಿ ನಮ್ಮಲ್ಲಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ರೆಂಬೆಗಳನ್ನು ಕತ್ತರಿಸಿ ಸವರುತ್ತಾರೆ. ಒಂದು ಬೇಸಿಗೆಯಲ್ಲಿ, ಇನ್ನೊಂದು ಮಳೆ ಕಳೆದ ಮೇಲೆ. ಆ ಎರಡನೆಯ ಚಿಗುರಿನ ಹಣ್ಣನ್ನೇ ವೈನ್‌ಗೆ ಕುಯ್ಯುವುದು, ಹೆಚ್ಚಾಗಿ ಈ ದಿನಗಳಲ್ಲೇ. 1988ರಲ್ಲಿ ಕನ್ವಲ್ ಗ್ರೋವರ್ ಇಲ್ಲಿ ವೈನ್ ಕಂಪನಿ ಶುರು ಮಾಡಿದಾಗ ನಮ್ಮ ಬಯಲುಸೀಮೆಯ ಮಣ್ಣಲ್ಲಿ ಫ್ರೆಂಚ್ ದ್ರಾಕ್ಷಿ ಅಂದರೆ ಎಷ್ಟು ಜನ ನಂಬಿದ್ದರೋ! ಇವತ್ತು ಅವರ ಕಂಪನಿಯ ಲಾ ರಿಸರ್ವ್ ವೈನ್ ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತದೆ. ನನಗೆ ಇದು ನಿಜವಾಗಿ ಹೆಮ್ಮೆಯ ವಿಷಯ.

ಸರಿ, ಖಾರದ ವಿಷಯಕ್ಕೆ ಬರುತ್ತೇನೆ. "ನಮ್ಮ ಊಟ ಖಾರ, ಅದಕ್ಕೆ ವೈನ್ ಆಗಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಯಾವ ಖಾರ ಅಂತ ಕೇಳಬೇಕಲ್ವಾ? ಕಾಳುಮೆಣಸಿನ ಖಾರ ಬೇರೆ, ಮೆಣಸಿನಕಾಯಿಯ ಖಾರ ಬೇರೆ. ಮೆಣಸಿನಕಾಯಿ ನಾಲಿಗೆಯ ಯಾವ ನರವನ್ನು ಸುಡುತ್ತದೋ ಅದನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಮೇಲೆ ಒಗರೂ ಸೇರಿದರೆ ಬಾಯಿ ಉರಿದು ಹೋಗುತ್ತದೆ. ಕಾಳುಮೆಣಸು ಅಷ್ಟು ಜೋರಲ್ಲ, ಬೇಗ ಇಳಿಯುತ್ತದೆ.

ಇದನ್ನು ನೋಡಲೆಂದೇ ಗುಂಟೂರು ಮೆಣಸಿನಕಾಯಿ ಹಾಕಿದ ಕೋಳಿ ಸಾರನ್ನೂ ಒಂದು ಬಟ್ಟಲು ಇಟ್ಟಿದ್ದೆ. ಅದರ ಜೊತೆ ಅದೇ ಶಿರಾಜ್ ಕಹಿಯಾಯಿತು, ಹಣ್ಣಿನ ರುಚಿ ಮಾಯ. ಬ್ಯಾಡಗಿ ಮಾತ್ರ ಹಾಕಿ ಮಾಡಿದ ಸಾರಿನ ಜೊತೆ ಇಷ್ಟು ಕಷ್ಟವಿಲ್ಲ. ಬಣ್ಣ ಜಾಸ್ತಿ, ಉರಿ ಕಡಿಮೆ. ಗುಂಟೂರು ಹಾಕಲೇಬೇಕು ಅನ್ನುವವರು ರೆಡ್ ಬಿಟ್ಟು, ಸ್ವಲ್ಪ ಸಿಹಿ ಉಳಿಸಿಕೊಂಡ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನನ್ನು ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಲಿ. ಸಿಹಿ ಉರಿಯನ್ನು ಇಳಿಸುತ್ತದೆ.

ತಣ್ಣಗೆ ಅಂದಾಗ ನೆನಪಾಯಿತು. ಹೋದ ತಿಂಗಳು ನಗರದ ಒಂದು ದೊಡ್ಡ ಹೋಟೆಲಿನಲ್ಲಿ ಒಳ್ಳೆಯ ಕ್ಯಾಬರ್ನೆ ಸಾವಿನ್ಯಾನ್ ಅನ್ನು ಉಗುರು ಬೆಚ್ಚಗೆ ತಂದುಕೊಟ್ಟರು. ಕೇಳಿದರೆ "ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲೇ ಕೊಡೋದು ಮೇಡಂ" ಅಂದರು. ಯಾವ ರೂಮು? ಯುರೋಪಿನ ಹಳೆಯ ಕಲ್ಲುಮನೆಯ ತಂಪು ಕೋಣೆಗೆ ಹೇಳಿದ ಮಾತನ್ನು ಬೆಂಗಳೂರಿನ ಮಾರ್ಚ್ ತಿಂಗಳಿಗೆ ತಂದರೆ ಹೇಗೆ? 16ರಿಂದ 18 ಡಿಗ್ರಿ ಇದ್ದರೆ ರೆಡ್ ವೈನ್ ಚೆಂದ. 30ರ ಹತ್ತಿರ ಹೋದರೆ ಮೂಗಿಗೆ ಬರೀ ಆಲ್ಕೋಹಾಲ್ ಬಡಿಯುತ್ತದೆ. ಅಷ್ಟು ದುಡ್ಡು ಕೊಟ್ಟವರಿಗೆ ಹೀಗೆ ಮಾಡುವುದು ನನಗೆ ಬೇಸರ ತರಿಸುತ್ತದೆ. ಮನೆಯಲ್ಲಿ ಉಪಾಯ ಸುಲಭ. ಬಡಿಸುವ ಅರ್ಧ ಗಂಟೆ ಮುಂಚೆ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೆ ಆಯಿತು. ಇವತ್ತೂ ಅದನ್ನೇ ಮಾಡಿದ್ದು.

ಕಾಣೆ ರವಾ ಫ್ರೈ ಕೂಡ ಇತ್ತು. ಅದಕ್ಕೆ ಸಾವಿನ್ಯಾನ್ ಬ್ಲಾಂಕ್ ಅನ್ನುವ ವೈಟ್ ವೈನ್. ಮೀನಿನ ಮೇಲೆ ನಿಂಬೆ ಹಿಂಡಿದ ಹಾಗೆ ಕೆಲಸ ಮಾಡುತ್ತದೆ ಈ ವೈನ್. ಅದರ ಹಸಿರು ವಾಸನೆ, ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗ ಬರುತ್ತದಲ್ಲ ಅದು, ಕರಿದ ರವೆಯ ಜೊತೆ ಬಹಳ ಹೊಂದುತ್ತದೆ. ಮೀನಿಗೆ ರೆಡ್ ಬೇಡ. ರೆಡ್ ವೈನ್‌ನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಮೀನಿನ ವಾಸನೆ ಬಾಯಲ್ಲಿ ಉಳಿದುಬಿಡುತ್ತದೆ.

ಸಂಜೆ ಭಾವನ ಸರದಿ. ಅವರು ಚಿಕ್ಕಬಳ್ಳಾಪುರದವರು, ಅವರ ಪ್ರೀತಿ ಏನಿದ್ದರೂ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು (ಜಿಐ) ಪಡೆದ ದ್ರಾಕ್ಷಿ ಅದು. ಬಲ್ಲವರು ಅನ್ನಿಸಿಕೊಂಡ ಕೆಲವರು ಈ ವೈನನ್ನು ಕಂಡರೆ ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಅದಕ್ಕೊಂದು ಗಾಢವಾದ ಘಮ ಇದೆ. ಆ ಘಮಕ್ಕೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಮಲ್ಲಿಗೆ ಹೂವಿನಲ್ಲೂ ಇದೆ. ಚೆನ್ನಾಗಿ ತಣಿಸಿ, ನಿಪ್ಪಟ್ಟಿನ ಜೊತೆ ಇಟ್ಟೆ. ಉಪ್ಪು, ಖಾರ, ಸಿಹಿ ಮೂರೂ ಕೂಡಿ ತಟ್ಟೆ ಬೇಗನೆ ಖಾಲಿಯಾಯಿತು. ಇದನ್ನು ಕ್ಯಾಬರ್ನೆ ಜೊತೆ ಹೋಲಿಸಿ ನೋಡುವುದೇ ತಪ್ಪು. ಇದು ಸಂಜೆಯ ಕುರುಕು ತಿಂಡಿಗೆ ಇರುವ ವೈನ್, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಬೇಳೆ ಹೋಳಿಗೆಯ ಜೊತೆಗೂ ಅದನ್ನೇ ಕುಡಿದು ನೋಡಿದೆವು. ಹೊಂದಲಿಲ್ಲ. ಬೆಲ್ಲದ ಹೂರಣದ ಮುಂದೆ ವೈನ್ ಹುಳಿ ಅನ್ನಿಸಿತು. ತಿನ್ನುವ ಸಿಹಿಗಿಂತ ಕುಡಿಯುವುದು ಹೆಚ್ಚು ಸಿಹಿ ಇರಬೇಕು. ಬಳ್ಳಿಯಲ್ಲೇ ಜಾಸ್ತಿ ದಿನ ಬಿಟ್ಟು ತಡವಾಗಿ ಕುಯ್ದ ಶೆನಿನ್ ಬ್ಲಾಂಕ್ ಆದರೆ ಸರಿಹೋಗುತ್ತದೆ ಅಂತ ನನ್ನ ಅಂದಾಜು. ಯುಗಾದಿ ಏಪ್ರಿಲ್ 9ಕ್ಕೆ. ಅಷ್ಟರೊಳಗೆ ಒಂದು ಬಾಟಲಿ ತಂದಿಡುತ್ತೇನೆ. ತುಪ್ಪ ಹಾಕಿ ಒಂದು ಹೋಳಿಗೆ, ಹಾಕದೆ ಒಂದು, ಎರಡರ ಜೊತೆಗೂ ಕುಡಿದು ನೋಡಬೇಕು.